ಹತ್ತನೇ ದಿನದ ಜ್ವರ

ಮಾವನ ಕಾಲು ಒರೆಸುತ್ತಿದ್ದ ಸೊಸೆಯ ಕೈ ನಡುವೆಯೇ ನಿಂತಿತು. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯೊಂದರ ಎದೆರೋಗದ ವಾರ್ಡು. ಬೆಳಗಿನ ರೌಂಡ್ಸ್ ಇನ್ನೂ ಶುರುವಾಗಿಲ್ಲ. ಬಕೆಟ್ಟಿನಲ್ಲಿ ಬಿಸಿನೀರು, ಕೈಯಲ್ಲಿ ಹಳೇ ಧೋತರದ ತುಂಡು, ಕಿಟಕಿ ಕಟ್ಟೆಯ ಮೇಲೆ ಚಹಾದ ಫ್ಲಾಸ್ಕು. ಅಜ್ಜನ ಎರಡೂ ಕಾಲಿಗೆ ಊರಿನಲ್ಲಿ ಕಟ್ಟಿಸಿಕೊಂಡ ಕರಿದಾರವಿದೆ. ಬಲಗಾಲಿನ ದಾರ ಸಡಿಲಾಗಿ ಹಿಮ್ಮಡಿಗೆ ಇಳಿದಿದೆ. ಎಡಗಾಲಿನದು ಚರ್ಮದೊಳಗೆ ಹೂತು, ಅದರ ಮೇಲೂ ಕೆಳಗೂ ಮಾಂಸ ಉಬ್ಬಿ ನಿಂತಿದೆ. ಆಕೆ ಹೆಬ್ಬೆರಳಿನಿಂದ ಮೀನಖಂಡವನ್ನು ಒತ್ತಿ ನೋಡಿದಳು. ಬೆರಳು ತೆಗೆದ ಮೇಲೂ ಕುಳಿ ಹಾಗೇ ಉಳಿಯಿತು.

“ಮಾವಾರ, ಈ ಕಾಲು ಯಾವಾಗಿಂದ ಹಿಂಗಾಗೇತ್ರಿ?”

“ನಿನ್ನಿ ಸಂಜಿಂದ ಸ್ವಲ್ಪ ಜಡ ಅನಸಾಕತ್ತೈತಿ. ಮಲಗಿ ಮಲಗಿ ಹಂಗ ಆಗಿರಬೇಕು, ಬಿಡು.”

ಆಕೆ ಬಿಡಲಿಲ್ಲ. ಸಿಸ್ಟರ್ ಕೂತಿದ್ದ ಮೇಜಿಗೆ ಹೋಗಿ, “ಯಕ್ಕಾ, ಒಂದ ಕಾಲು ಬಾತೈತಿ, ಇನ್ನೊಂದು ಬಾತಿಲ್ಲ. ಸ್ವಲ್ಪ ಬಂದು ನೋಡ್ರಿ” ಎಂದಳು. ಎರಡೂ ಕಾಲು ಬಾತಿದ್ದರೆ ಸಿಸ್ಟರ್ ಅಷ್ಟು ಬೇಗ ಏಳುತ್ತಿದ್ದರೋ ಇಲ್ಲವೋ. ಒಂದೇ ಕಾಲು ಎಂದ ಕೂಡಲೇ ಎದ್ದರು, ಅಳತೆಯ ಟೇಪು ಹಿಡಿದು ಬಂದರು. ಎಡ ಮೀನಖಂಡ ಬಲದ್ದಕ್ಕಿಂತ ಮೂರು ಸೆಂಟಿಮೀಟರಿಗೂ ಹೆಚ್ಚು ದಪ್ಪ ಇತ್ತು. ಮಧ್ಯಾಹ್ನದ ಹೊತ್ತಿಗೆ ಡಾಪ್ಲರ್ ಸ್ಕ್ಯಾನ್ ಆಯಿತು. ತೊಡೆಯ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಕೂತಿತ್ತು.

ಅಜ್ಜ ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲೂಕಿನ ತಾವರಗೇರಾ ಕಡೆಯವರು. ಅಲ್ಲಿನ ಮಸಾರಿ ನೆಲದಲ್ಲಿ ಮಳೆ ನಂಬಿ ಸಜ್ಜೆ, ಶೇಂಗಾ, ತೊಗರಿ ಬೆಳೆಯುತ್ತಾರೆ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ ಗುಳೆ ಹೋಗುತ್ತಾರೆ. ಹೋಗದವರಿಗೆ ಕಲ್ಲಿನ ಕ್ವಾರಿಯ ಕೂಲಿ. ಇಳಕಲ್ ಕುಷ್ಟಗಿ ಸೀಮೆಯ ಗುಲಾಬಿ ಬಣ್ಣದ ಗ್ರಾನೈಟು ದೂರದೂರದ ಮನೆಗಳ ನೆಲಕ್ಕೆ ಹಾಸಾಗುತ್ತದೆ. ಆ ಕಲ್ಲಿಗೆ ಕುಳಿ ಹೊಡೆಯುವಾಗ ಎದ್ದ ಹುಡಿ, ಹೊಡೆಯುವವನ ಪುಪ್ಪುಸದಲ್ಲೇ ಉಳಿಯುತ್ತದೆ. ಅಜ್ಜ ಹರೆಯದಲ್ಲಿ ಕಂಪ್ರೆಸರ್ ಮಿಷನ್ ಹಿಡಿದು ಕುಳಿ ಹೊಡೆದವರು. ಬಾಯಿಗೆ ಟವೆಲ್ ಸುತ್ತಿಕೊಂಡದ್ದೇ ರಕ್ಷಣೆ. ಮಿಷನ್ ನಿಂತಾಗ ಒಂದು ಬೀಡಿ, ಊಟವಾದ ಮೇಲೆ ಒಂದು, ಬಸ್ಸು ತಡವಾದರೆ ಇನ್ನೊಂದು. ಕಲ್ಲಿನ ಹುಡಿಯಲ್ಲಿರುವ ಸಿಲಿಕಾವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಖಚಿತ ವಸ್ತುಗಳ ಪಟ್ಟಿಗೆ ಸೇರಿಸಿದ್ದು 1997ರಲ್ಲಿ. ಅಷ್ಟರಲ್ಲಿ ಅಜ್ಜ ಬಹಳಷ್ಟು ಕಲ್ಲಿಗೆ ಕುಳಿ ಹೊಡೆದಾಗಿತ್ತು.

ಕೆಮ್ಮು ಶುರುವಾದಾಗ ಯಾರೂ ಹೆದರಲಿಲ್ಲ. ಬೀಡಿ ಸೇದುವವರ ಮನೆಯಲ್ಲಿ ಕೆಮ್ಮು ಹೊಸದೇನಲ್ಲ. ಕಫದಲ್ಲಿ ರಕ್ತದ ಗೆರೆ ಕಂಡಾಗ ಎಲ್ಲರ ಬಾಯಲ್ಲೂ ಬಂದದ್ದು ಒಂದೇ ಹೆಸರು, ಟಿಬಿ. ಅದರಲ್ಲಿ ಆಶ್ಚರ್ಯವೇನಿಲ್ಲ. ಕಲ್ಲುಕೆಲಸದವರಿಗೆ ಟಿಬಿ ಉಳಿದವರಿಗಿಂತ ಹೆಚ್ಚು ಬರುತ್ತದೆ, ಎಕ್ಸ್‌ರೇಯಲ್ಲಿ ಟಿಬಿ, ಕ್ಯಾನ್ಸರ್ ಎರಡೂ ಬಿಳಿ ಕಲೆಯಾಗಿಯೇ ಕಾಣುತ್ತವೆ, ಎರಡರಲ್ಲೂ ತೂಕ ಇಳಿಯುತ್ತದೆ. ಕಫದಲ್ಲಿ ಟಿಬಿಯ ರೋಗಾಣು ಸಿಗದಿದ್ದರೂ ಎಕ್ಸ್‌ರೇ ನೋಡಿಯೇ ಮಾತ್ರೆ ಶುರುವಾಗಿ, ಕ್ಯಾನ್ಸರ್ ತಿಂಗಳುಗಟ್ಟಲೆ ಹಿಂದೆ ಉಳಿಯುವುದು ನಮ್ಮ ದೇಶದ ಪುಪ್ಪುಸದ ಕ್ಯಾನ್ಸರಿನ ಕಥೆಯಲ್ಲಿ ಮತ್ತೆ ಮತ್ತೆ ಬರುವ ಅಧ್ಯಾಯ. ಅಜ್ಜನಿಗೂ ಹಾಗೇ ಆಯಿತು. ಕೊನೆಗೆ ಲಕ್ಷಣವನ್ನು ಗುರುತಿಸಿದ್ದು ಅಜ್ಜಿ. ಸ್ನಾನಕ್ಕೆ ನೀರು ಹಾಕುವಾಗ ಗಂಡನ ಉಡದಾರ ಸೊಂಟದಲ್ಲಿ ನಿಲ್ಲದೆ ಜಾರುತ್ತಿತ್ತು. ಒಮ್ಮೆ ಗಂಟು ಬಿಗಿ ಮಾಡಿದರು. ತಿಂಗಳೊಪ್ಪತ್ತಿನಲ್ಲಿ ಮತ್ತೆ ಬಿಗಿ ಮಾಡಬೇಕಾಯಿತು. “ಗುಳಿಗಿ ತಗೊಂಡ ಮ್ಯಾಲೆ ಮೈ ಹತ್ತಬೇಕಲ್ಲ, ಇದು ಇಳೀತೈತಿ” ಎಂದು ಮಗನಿಗೆ ಹೇಳಿದ್ದು ಆಕೆಯೇ. ಕುಷ್ಟಗಿ, ಅಲ್ಲಿಂದ ಕೊಪ್ಪಳ, ಅಲ್ಲಿಂದ ರೆಫರಲ್ ಚೀಟಿ ಹಿಡಿದು ಹುಬ್ಬಳ್ಳಿ. ಸಿಟಿ ಸ್ಕ್ಯಾನು, ಬಯಾಪ್ಸಿ ಆದ ಮೇಲೆ ರೋಗಕ್ಕೆ ಹೆಸರು ಬಂತು, ಪುಪ್ಪುಸದ ಕ್ಯಾನ್ಸರ್.

ಜಗತ್ತಿನಲ್ಲಿ ಅತಿ ಹೆಚ್ಚು ಜನರ ಜೀವ ತೆಗೆಯುವ ಕ್ಯಾನ್ಸರ್ ಇದೇ. 2022ರ ಒಂದೇ ವರ್ಷದ ಅಂದಾಜಿನಲ್ಲಿ ಸುಮಾರು 25 ಲಕ್ಷ ಹೊಸ ರೋಗಿಗಳು, 18 ಲಕ್ಷ ಸಾವು. ಭಾರತದಲ್ಲಿ ಆ ವರ್ಷ 80 ಸಾವಿರಕ್ಕೂ ಹೆಚ್ಚು ಮಂದಿಗೆ ಹೊಸದಾಗಿ ಬಂತು. ಆದರೆ ಈ ವಾರ್ಡಿನಲ್ಲಿ ಒಂದೆರಡು ದಿನ ಕೂತು ನೋಡಿದರೆ ಬೇರೊಂದು ಸಂಗತಿ ಮನಸ್ಸಿಗೆ ಬರುತ್ತದೆ. ಇಲ್ಲಿ ಮನುಷ್ಯನನ್ನು ತಟ್ಟನೆ ಬೀಳಿಸುವುದು ಬಹಳ ಸಲ ಗಡ್ಡೆಯಲ್ಲ. ಗಡ್ಡೆಯ ಸುತ್ತ ನೆರೆದ ಬೇರೆ ಬೇರೆ ಆಪತ್ತುಗಳು. ಹೆಪ್ಪುಗಟ್ಟಿದ ರಕ್ತ, ನ್ಯುಮೋನಿಯಾ, ಬಿಳಿ ರಕ್ತಕಣ ಕುಸಿದಾಗಿನ ಜ್ವರ. ಯಾರಿಗೆ ಇವು ಬರಬಹುದು ಎಂಬುದು ಬಹುಪಾಲು ಮೊದಲೇ ಮೈಯಲ್ಲಿ ಬರೆದಿರುತ್ತದೆ. ಅದನ್ನು ಓದುವ ಅವಕಾಶ ವೈದ್ಯರಿಗಿಂತ ಹೆಚ್ಚು ಸಿಗುವುದು ಹಾಸಿಗೆಯ ಪಕ್ಕ ಹಗಲೂ ರಾತ್ರಿ ಕೂತವರಿಗೆ.

ರಕ್ತ ಹೆಪ್ಪುಗಟ್ಟಲು ಬೇಕಾದ ಮೂರು ಕಾರಣಗಳನ್ನು ಜರ್ಮನಿಯ ರುಡಾಲ್ಫ್ ವಿರ್ಚೋ ಹೆಸರಿನಲ್ಲಿ ವೈದ್ಯರು ಇಂದಿಗೂ ಹೇಳುತ್ತಾರೆ: ರಕ್ತದ ಹರಿವು ನಿಧಾನವಾಗುವುದು, ರಕ್ತನಾಳದ ಒಳಗೋಡೆಗೆ ಪೆಟ್ಟಾಗುವುದು, ರಕ್ತವೇ ಬೇಗ ಹೆಪ್ಪಾಗುವ ಗುಣ ಪಡೆಯುವುದು. ಅಜ್ಜನಲ್ಲಿ ಮೂರೂ ಕೂಡಿದ್ದವು. ವಾರದಿಂದ ಹಾಸಿಗೆ ಬಿಟ್ಟು ಎದ್ದದ್ದು ಬಚ್ಚಲಿಗೆ ಮಾತ್ರ. ಸಲಾಯಿನ್ ಸೂಜಿ ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಗುತ್ತಲೇ ಇತ್ತು. ಕ್ಯಾನ್ಸರ್ ಕಣಗಳಂತೂ ರಕ್ತ ಹೆಪ್ಪಾಗಿಸುವ ವಸ್ತುಗಳನ್ನು ತಾವೇ ರಕ್ತಕ್ಕೆ ಬಿಡುತ್ತವೆ. ಪ್ಯಾರಿಸ್ಸಿನ ವೈದ್ಯ ಆರ್ಮಾನ್ ಟ್ರೂಸೋ ಈ ನಂಟನ್ನು 1860ರ ದಶಕದಲ್ಲೇ ತನ್ನ ವಿದ್ಯಾರ್ಥಿಗಳಿಗೆ ಪಾಠ ಮಾಡಿದ್ದ. 1867ರ ಆರಂಭದಲ್ಲಿ ತನ್ನದೇ ರಕ್ತನಾಳ ಬಾತು ನೋಯತೊಡಗಿದಾಗ, ಒಳಗೆ ಕ್ಯಾನ್ಸರ್ ಇದೆ, ತಾನು ಉಳಿಯುವುದಿಲ್ಲ ಎಂದು ಶಿಷ್ಯನಿಗೆ ಹೇಳಿದ. ಅದೇ ವರ್ಷ ಹೊಟ್ಟೆಯ ಕ್ಯಾನ್ಸರಿನಿಂದ ತೀರಿಕೊಂಡ. ಒಂದು ಬಾತ ಕಾಲಿಗೆ ಎಷ್ಟು ಬೆಲೆ ಕೊಡಬೇಕು ಎಂಬುದನ್ನು ಅವನಿಗಿಂತ ಚೆನ್ನಾಗಿ ತಿಳಿದವರು ಇರಲಿಕ್ಕಿಲ್ಲ.

ಯಾವ ಕ್ಯಾನ್ಸರ್ ರೋಗಿಗೆ ರಕ್ತ ಹೆಪ್ಪುಗಟ್ಟಬಹುದು ಎಂದು ತೂಗಲು ಈಗ ಅಂಕಪಟ್ಟಿಯೇ ಇದೆ. ಭಾರತ ಮೂಲದ ವೈದ್ಯ ಅಲೋಕ್ ಖೊರಾನಾ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ್ದು, ಕೀಮೋಥೆರಪಿ ಶುರು ಮಾಡಲಿರುವ ಹೊರರೋಗಿಗಳಿಗಾಗಿ. ಪುಪ್ಪುಸದ ಕ್ಯಾನ್ಸರ್ ಆಗಿದ್ದರೆ ಒಂದು ಅಂಕ. ಹಿಮೋಗ್ಲೋಬಿನ್ ಹತ್ತಕ್ಕಿಂತ ಕಡಿಮೆಯಿದ್ದರೆ ಒಂದು, ಪ್ಲೇಟ್ಲೆಟ್ ಮೂರೂವರೆ ಲಕ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಂದು, ಬಿಳಿ ರಕ್ತಕಣ ಹನ್ನೊಂದು ಸಾವಿರ ದಾಟಿದ್ದರೆ ಒಂದು, ಬೊಜ್ಜು ವಿಪರೀತವಿದ್ದರೆ ಒಂದು. ಮೂರು ಬಂದರೆ ಅಪಾಯ ಹೆಚ್ಚು. ಅಜ್ಜನಿಗೆ ಬೊಜ್ಜಿನ ಮಾತೇ ಇಲ್ಲ. ಆದರೆ ರಕ್ತಹೀನತೆ ನಮ್ಮ ಕಡೆಯ ಬಡವರ ಮನೆಯ ಹಳೇ ನೆಂಟ, ಪ್ಲೇಟ್ಲೆಟ್ ನಾಲ್ಕು ಲಕ್ಷ. ಮೂರು ಅಂಕ ಕೂತುಕೊಂಡೇ ಬಂದಿದ್ದವು. ಕಾಲಿನ ಆ ಹೆಪ್ಪು ಕಳಚಿ ಪುಪ್ಪುಸದ ರಕ್ತನಾಳಕ್ಕೆ ಹೋಗಿ ಸಿಕ್ಕಿದರೆ ಇದ್ದಕ್ಕಿದ್ದಂತೆ ದಮ್ಮು, ಎದೆನೋವು, ಎದ್ದು ನಿಂತವರು ಕುಸಿಯುವುದು. ಮೊದಲೇ ಅರ್ಧ ಕೆಲಸ ನಿಲ್ಲಿಸಿದ ಪುಪ್ಪುಸಕ್ಕೆ ಅದನ್ನು ತಾಳುವ ಶಕ್ತಿ ಎಲ್ಲಿಂದ ಬರಬೇಕು?

ಅಂದು ಸಂಜೆಯಿಂದಲೇ ಹೊಟ್ಟೆಯ ಚರ್ಮಕ್ಕೆ ಸಣ್ಣ ಸೂಜಿಯ ಇಂಜೆಕ್ಷನ್ ಶುರುವಾಯಿತು, ರಕ್ತ ತೆಳುವಾಗಿಸುವ ಹೆಪಾರಿನ್ ಜಾತಿಯ ಔಷಧ. ಸಿಸ್ಟರ್ ಕತ್ತರಿಯಿಂದ ಎಡಗಾಲಿನ ದಾರ ಕತ್ತರಿಸಿದರು. ಅಜ್ಜ ಬೇಡ ಎನ್ನಲಿಲ್ಲ, ಕತ್ತರಿಸಿದ ದಾರವನ್ನು ಕೇಳಿ ಪಡೆದು ದಿಂಬಿನ ಕೆಳಗೆ ಇಟ್ಟುಕೊಂಡರು.

ವಾರ್ಡಿನ ಉಳಿದ ಮಂಚಗಳ ಕಡೆ ತಿರುಗಿದರೆ ಒಂದೊಂದರಲ್ಲಿ ಒಂದೊಂದು ಬಗೆ. ಬಾಗಿಲ ಪಕ್ಕದವರ ಪುಪ್ಪುಸದ ಹೊರಪೊರೆಯಲ್ಲಿ ನೀರು ತುಂಬಿದೆ. ಪಕ್ಕೆಗೆ ನಳಿಗೆ ಹಾಕಿ ಕೆಳಗಿನ ಬಾಟಲಿಗೆ ಇಳಿಸುತ್ತಿದ್ದಾರೆ. ಕೆಂಪು ಬೆರೆತ ನೀರು, ಉಸಿರಿನ ಜೊತೆ ನಳಿಗೆಯಲ್ಲಿ ಏರುತ್ತದೆ, ಇಳಿಯುತ್ತದೆ. “ಎಲ್ಲಾ ಒಮ್ಮೆಲೇ ತಗದಬಿಡ್ರಿ, ಅಪ್ಪಗ ಹಗೂರ ಆಗ್ಲಿ” ಎಂದು ಮಗ ಗೋಗರೆಯುತ್ತಾನೆ. ಒಂದೂವರೆ ಲೀಟರಿನ ಹೊತ್ತಿಗೆ ನಿಲ್ಲಿಸುತ್ತಾರೆ. ಬಹುಕಾಲ ಮುದುಡಿದ್ದ ಪುಪ್ಪುಸ ಒಮ್ಮೆಲೇ ಅರಳಿದರೆ ಅದರೊಳಗೇ ನೀರು ಬಿಡುತ್ತದೆ. ಅದರಾಚೆಯ ಮಂಚದವರ ಮುಖ ಬೆಳಿಗ್ಗೆ ಎದ್ದಾಗ ಬಾತಿರುತ್ತದೆ, ಕುತ್ತಿಗೆಯ ನರಗಳು ಉಬ್ಬಿರುತ್ತವೆ, ಅಂಗಿಯ ಮೇಲಿನ ಗುಂಡಿ ಹಾಕಲಾಗುವುದಿಲ್ಲ. ತಲೆಯಿಂದ ರಕ್ತ ಇಳಿಸುವ ದೊಡ್ಡ ನಾಳವನ್ನು ಗಡ್ಡೆ ಒತ್ತಿದೆ. ಅವರನ್ನು ಅಡ್ಡ ಮಲಗಿಸುವುದಿಲ್ಲ, ದಿಂಬು ಏರಿಸಿ ಒರಗಿಸಿ ಕೂರಿಸುತ್ತಾರೆ.

ಮೂಲೆಯ ಮಂಚದ ಹೆಂಗಸು ಜನ್ಮದಲ್ಲಿ ಬೀಡಿ ಮುಟ್ಟಿದವರಲ್ಲ. ಕಿಟಕಿಯಿಲ್ಲದ ಅಡಿಗೆಮನೆ, ಹತ್ತಿಕಟ್ಟಿಗೆ ತೊಗರಿಕಟ್ಟಿಗೆಯ ಒಲೆ, ಜೊತೆಗೆ ಪಡಸಾಲೆಯಲ್ಲಿ ಗಂಡ ಸೇದಿದ ಹೊಗೆ. ಬೀಡಿ ಸೇದಿಲ್ಲ ಎಂಬ ಕಾರಣಕ್ಕೇ ಇವರ ಕೆಮ್ಮನ್ನು ಮನೆಯವರೂ ವೈದ್ಯರೂ ಬಹಳ ದಿನ ಹಗುರಾಗಿ ತೆಗೆದುಕೊಂಡರು. ಆಕೆ ಎರಡು ದಿನದಿಂದ ಮಂಕಾಗಿದ್ದಾರೆ, ಕರೆದರೆ ಹ್ಞೂಂ ಎನ್ನುತ್ತಾರೆ, ಮತ್ತೆ ಕಣ್ಣು ಮುಚ್ಚುತ್ತಾರೆ. “ದಣದಾಳ, ಮಲಗ್ಲಿ ಬಿಡ್ರಿ” ಎಂದು ತಂಗಿ ಚಾದರ ಹೊದಿಸುತ್ತಾಳೆ. ಪ್ರೀತಿಯ ಮಾತು, ಆದರೆ ಕೇಳಿದಾಗ ಎದೆ ಧಸಕ್ಕೆನ್ನುತ್ತದೆ. ಪುಪ್ಪುಸದ ಕ್ಯಾನ್ಸರಿನ ಒಂದು ಬಗೆಯಲ್ಲಿ ರಕ್ತದ ಸೋಡಿಯಂ ಕುಸಿಯುತ್ತದೆ, ಇನ್ನೊಂದು ಬಗೆಯಲ್ಲಿ ಕ್ಯಾಲ್ಸಿಯಂ ಏರುತ್ತದೆ, ಮತ್ತೆ ಕೆಲವರಲ್ಲಿ ರೋಗ ಮಿದುಳಿಗೇ ಹಬ್ಬಿರುತ್ತದೆ. ಮೂರೂ ಹೊರಗೆ ಬರಿ ನಿದ್ದೆಯ ಹಾಗೆ ಕಾಣಬಹುದು. ಎಂದೂ ಇಷ್ಟು ಮಲಗದವರು ಮಲಗುತ್ತಿದ್ದಾರೆ ಎಂಬುದನ್ನು ಡ್ಯೂಟಿ ಡಾಕ್ಟರು ಹೇಗೆ ತಿಳಿದಾರು? ಅವರಿಗೆ ಆಕೆಯ ನಿನ್ನೆಯೇ ಗೊತ್ತಿಲ್ಲ. ತಂಗಿಗೆ ಐವತ್ತು ವರ್ಷದ ಅಕ್ಕ ಗೊತ್ತು. ಬೆನ್ನುನೋವಿನ ಜೊತೆ ಕಾಲಿನ ಬಲ ಹೋಗುವುದು, ಮೂತ್ರ ಕಟ್ಟುವುದು ಕೂಡ ಹೀಗೆಯೇ. ವಯಸ್ಸಾಯ್ತು ಎಂದು ಸುಮ್ಮನಾದರೆ ಬೆನ್ನುಹುರಿ ಒತ್ತಿಹೋಗಿ ಆ ಕಾಲು ಮತ್ತೆ ನಡೆಯಲಿಕ್ಕಿಲ್ಲ. ಅಲ್ಲಿ ಲೆಕ್ಕ ಗಂಟೆಗಳಲ್ಲಿ.

ರೌಂಡ್ಸಿಗೆ ಬಂದ ವೈದ್ಯೆ ಅಜ್ಜನ ಕೇಸ್‌ಶೀಟ್ ತೆರೆಯುವ ಮೊದಲು ಕೇಳಿದ ಪ್ರಶ್ನೆ ನನಗೆ ಬಹಳ ಹಿಡಿಸಿತು: “ಯಜ್ಜಾ, ಊರಾಗ ಇದ್ದಾಗ ದಿನಾ ಎಲ್ಲಿತನ ಅಡ್ಡಾಡ್ತಿದ್ರಿ?”

“ಮೊದಲ ಹೊಲಕ್ಕ ಹೊಕ್ಕಿದ್ದೆ. ಆಮ್ಯಾಲೆ ಬಸ್‌ಸ್ಟ್ಯಾಂಡ್ ತನ. ಈಗ ಎರಡ ತಿಂಗಳಾತು, ಕಟ್ಟಿ ಬಿಟ್ಟು ಇಳಿದಿಲ್ಲ.”

ಹೊಲ, ಬಸ್‌ಸ್ಟ್ಯಾಂಡ್, ಮನೆ ಮುಂದಿನ ಕಟ್ಟೆ. ವೈದ್ಯೆಗೆ ಬೇಕಾದ ಉತ್ತರ ಅಷ್ಟರಲ್ಲೇ ಸಿಕ್ಕಿತು. ಎಚ್ಚರವಿರುವ ಹೊತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಂಚ ಅಥವಾ ಕುರ್ಚಿಯಲ್ಲೇ ಕಳೆಯುವವರು ಕ್ಯಾನ್ಸರ್ ವೈದ್ಯರ ಲೆಕ್ಕದಲ್ಲಿ ಮೂರನೇ ದರ್ಜೆ. ಸೊನ್ನೆ ಎಂದರೆ ಎಂದಿನಂತೆ ಗಟ್ಟಿ, ನಾಲ್ಕು ಎಂದರೆ ಪೂರ್ತಿ ಹಾಸಿಗೆ. ಎಪ್ಪತ್ತು ವಯಸ್ಸಾಗಿದ್ದರೂ ಹೊಲಕ್ಕೆ ಹೋಗಿ ಬರುವವರು ಕೀಮೋ ತಾಳಿಯಾರು. ಐವತ್ತೈದಕ್ಕೇ ಕಟ್ಟೆ ಬಿಟ್ಟು ಇಳಿಯಲಾರದವರು ತಾಳುವುದು ಕಷ್ಟ. ಅದರ ಜೊತೆಗೆ ಬೀಡಿಯಿಂದಲೇ ಬಂದ ಹಳೇ ದಮ್ಮು, ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಟಿಬಿ ಬಿಟ್ಟುಹೋದ ಗಾಯದ ಗುರುತು, ಇಳಿದ ತೂಕ, ರಕ್ತದಲ್ಲಿ ಕಡಿಮೆಯಾದ ಆಲ್ಬುಮಿನ್ ಎಂಬ ಪ್ರೋಟೀನು, ಇವೆಲ್ಲ ಸೇರಿಯೇ ಆಸ್ಪತ್ರೆಯಲ್ಲಿ ಯಾರು ತೊಂದರೆಗೆ ಬೀಳುತ್ತಾರೆ ಎಂಬುದನ್ನು ತೀರ್ಮಾನಿಸುತ್ತವೆ. ಸ್ಟಿರಾಯ್ಡ್ ಕೊಟ್ಟಾಗ ಸಕ್ಕರೆ ಏರುತ್ತದೆ, ಏರಿದ ಸಕ್ಕರೆಯಲ್ಲಿ ಸೋಂಕು ಹಬ್ಬುತ್ತದೆ. ಗಡ್ಡೆ ಶ್ವಾಸನಾಳವನ್ನು ಮುಚ್ಚಿದರೆ ಅದರ ಆಚೆಗಿನ ಕಫ ಹೊರಬರಲಾರದೆ ಅಲ್ಲೇ ಕೊಳೆತು ನ್ಯುಮೋನಿಯಾ ಆಗುತ್ತದೆ, ಎಷ್ಟು ಆಂಟಿಬಯಾಟಿಕ್ ಕೊಟ್ಟರೂ ಮರಳಿ ಮರಳಿ ಬರುತ್ತದೆ.

ಅಂದಮೇಲೆ ಊಟದ ತಟ್ಟೆಯೂ ಚಿಕಿತ್ಸೆಯೇ. ಆಸ್ಪತ್ರೆಯ ಅನ್ನ ಸಾರು ಅಜ್ಜನ ಬಾಯಿಗೆ ಹಿಡಿಸದು. ಸೊಸೆ ಸಜ್ಜೆರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ, ಮುರಿದು, ಚಮಚದಲ್ಲಿ ಕೊಡುತ್ತಾಳೆ. ಬೇಯಿಸಿದ ತತ್ತಿ ಕೊಡಿ ಎಂದಿದ್ದಾರೆ ಡಾಕ್ಟರು. “ಶ್ರಾವಣದಾಗ ತತ್ತಿ ಹೆಂಗ್ರಿ?” ಎಂದು ಅಜ್ಜಿ ಫೋನಿನಲ್ಲೇ ತಡೆದರು. ಶೇಂಗಾ ಹುಡಿ, ಹೆಸರುಬೇಳೆ, ಮೊಸರಿನಲ್ಲಿ ರಾಜಿಯಾಯಿತು. ದಿನಕ್ಕೆ ಮೂರು ಸಲ ಮಗ ತೋಳು ಹಿಡಿದು ವರಾಂಡದ ತುದಿಯವರೆಗೆ ನಡೆಸುತ್ತಾನೆ. ಇಂಜೆಕ್ಷನ್ ಕೆಲಸ ಶುರುವಾದ ಮೇಲೆ ನಡೆದಾಡಿಸಿ ಎಂದು ವೈದ್ಯರೇ ಹೇಳಿದ್ದಾರೆ. ನಡೆಯುವುದರಿಂದ ಕಫ ಕದಲುತ್ತದೆ, ಕಾಲಿನ ರಕ್ತ ಹರಿಯುತ್ತದೆ. ವರಾಂಡದ ಆ ತುದಿಯಲ್ಲಿ ಯಾರೋ ಕದ್ದು ಸೇದಿದ ಬೀಡಿಯ ವಾಸನೆ ಬರುತ್ತದೆ. ಅಜ್ಜನ ಮೂಗು ಅರಳುತ್ತದೆ. “ಇನ್ನೇನ ಉಳದೈತಿ, ಒಂದ ಸೇದಿದ್ರ ಏನಾಕೈತಿ?” ಎಂದು ಅವರು ಒಮ್ಮೆ ಕೇಳಿದ್ದುಂಟು. ರೋಗ ಬಂದ ಮೇಲೆ ಬಿಟ್ಟರೂ ಲಾಭವಿದೆ. ಚಿಕಿತ್ಸೆಯನ್ನು ಮೈ ಚೆನ್ನಾಗಿ ತಾಳುತ್ತದೆ, ಸೋಂಕು ಕಡಿಮೆಯಾಗುತ್ತದೆ, ಆಯಸ್ಸೂ ಕೂಡುತ್ತದೆ. ಇದನ್ನು ಪ್ರತಿ ಮಂಚದ ಬಳಿ ದಿನಾ ಹೇಳಬೇಕು. ಇನ್ನೇನು ಉಳಿದಿದೆ ಎಂಬ ಮಾತಿಗೆ ತಲೆಯಾಡಿಸುವುದು ದಯೆಯಲ್ಲ.

ನಮ್ಮ ಕಡೆ ರೋಗಿಯನ್ನು ಮಾತಾಡಿಸಲು ಬರುವುದು ಕರ್ತವ್ಯ. ಕ್ರೂಸರ್ ಮಾಡಿಕೊಂಡು ಹತ್ತು ಹನ್ನೆರಡು ಮಂದಿ ಬರುತ್ತಾರೆ, ಬಾಳೆಹಣ್ಣು, ಬ್ರೆಡ್ಡು, ಎಳನೀರು. ಬರದಿದ್ದರೆ ಮಾತು ಉಳಿಯುತ್ತದೆ. ಬಂದವರಲ್ಲಿ ಒಬ್ಬರಿಗೆ ನೆಗಡಿ, ಒಂದು ಮಗುವಿಗೆ ಕೆಮ್ಮು. ಮನೆಯವರು ಹೋಗಿ ಎನ್ನಲಾರರು. ಸಿಸ್ಟರ್ ಬೈದು ಕಳಿಸಿದರೆ ಮನೆಯವರಿಗೆ ಒಳಗೊಳಗೆ ನಿರಾಳ. ಅಂದು ಬಂದ ಬೀಗರೊಬ್ಬರು ಅಜ್ಜ ಏದುಸಿರು ಬಿಡುವುದನ್ನು ನೋಡಲಾರದೆ ಗೋಡೆಯ ಆಕ್ಸಿಜನ್ ತಿರುಪನ್ನು ತಾವೇ ಹೆಚ್ಚು ಮಾಡಿದರು. “ಗಾಳಿ ಜಾಸ್ತಿ ಬರ್ಲಿ, ಪಾಪ.” ಬೀಡಿಯಿಂದ ಪುಪ್ಪುಸ ಹಾಳಾದ ಕೆಲವರಲ್ಲಿ ಆಕ್ಸಿಜನ್ ಅತಿಯಾದರೆ ಕಾರ್ಬನ್ ಡೈಆಕ್ಸೈಡ್ ಒಳಗೇ ಏರಿ ಜ್ಞಾನ ತಪ್ಪುತ್ತದೆ. ಅಂಥವರಿಗೆ ಬೆರಳಿನ ಯಂತ್ರದಲ್ಲಿ 88ರಿಂದ 92 ಕಂಡರೆ ಸಾಕು, 100 ಬೇಡ. ಸಿಸ್ಟರ್ ಓಡಿ ಬಂದು ತಿರುಪನ್ನು ಹಿಂದಕ್ಕೆ ತಂದರು, ತಿರುಪಿನ ಪಕ್ಕದಲ್ಲಿ ಪ್ಲಾಸ್ಟರ್ ಅಂಟಿಸಿ ಕೆಂಪು ಪೆನ್ನಿನಲ್ಲಿ “ಮುಟ್ಟಬೇಡಿ” ಎಂದು ಬರೆದರು.

ಅಜ್ಜನಿಗೆ ಮೊದಲ ಕೀಮೋ ಏರಿಸಿದ ದಿನ ವಾಂತಿಯಾಗಲಿಲ್ಲ. ಎರಡನೇ ದಿನ ಬಾಯಿ ರುಚಿ ಕೆಟ್ಟಿತು, ಅಷ್ಟೆ. ಮಗನ ಮುಖದಲ್ಲಿ ಗೆಲುವು ಬಂತು. ಗಂಡಾಂತರ ದಾಟಿತು ಎಂದು ಊರಿಗೆ ಫೋನ್ ಹೋಯಿತು. ನಿಜವಾದ ಗಂಡಾಂತರದ ದಿನಗಳು ಇನ್ನೂ ಬಂದಿರಲೇ ಇಲ್ಲ. ಕೀಮೋ ಔಷಧ ಎಲುಬಿನ ಮಜ್ಜೆಯಲ್ಲಿ ಹೊಸ ರಕ್ತಕಣಗಳ ಹುಟ್ಟನ್ನು ತಡೆಯುತ್ತದೆ. ಹಳೆಯ ಬಿಳಿ ಕಣಗಳು ಮುಗಿದು ಹೊಸವು ಬಾರದ ಕಾಲ ಸಾಮಾನ್ಯವಾಗಿ ಏಳರಿಂದ ಹದಿನಾಲ್ಕನೇ ದಿನದ ನಡುವೆ. ಆಗ ಬರುವ ಜ್ವರಕ್ಕೆ ಬೇರೆ ಗುರುತೇ ಇರುವುದಿಲ್ಲ. ಕೀವು ಮಾಡಲೂ ಬಿಳಿ ಕಣ ಬೇಕು, ಎಕ್ಸ್‌ರೇಯಲ್ಲಿ ನ್ಯುಮೋನಿಯಾದ ನೆರಳು ಮೂಡಿಸಲೂ ಬಿಳಿ ಕಣ ಬೇಕು. ಇವರಲ್ಲಿ ಅವೇ ಇಲ್ಲ. ಬೆಳಿಗ್ಗೆ ಮೈ ಬಿಸಿ, ಸಂಜೆಗೆ ಬಿ.ಪಿ. ಇಳಿತ, ರಾತ್ರಿ ಐಸಿಯು. ಅದಕ್ಕೇ ನಿಯಮ: ಇಂಥ ಜ್ವರದೊಂದಿಗೆ ಬಂದವರಿಗೆ ಒಂದು ಗಂಟೆಯೊಳಗೆ ರಕ್ತನಾಳದ ಮೂಲಕ ಆಂಟಿಬಯಾಟಿಕ್ ಬೀಳಬೇಕು.

ಆ ಒಂದು ಗಂಟೆಯನ್ನು ತಾವರಗೇರಾದಲ್ಲಿ ನಿಂತು ಲೆಕ್ಕ ಹಾಕಿ ನೋಡಬೇಕು. ಹುಬ್ಬಳ್ಳಿ ನೂರೈವತ್ತು ಕಿಲೋಮೀಟರಿನ ಆಜುಬಾಜು. ಕುಷ್ಟಗಿ, ಗಜೇಂದ್ರಗಡ, ಗದಗ ದಾಟಿ ಬರಬೇಕು. 2025ರ ಮೇ ತಿಂಗಳಲ್ಲಿ ಗದಗ ವಾಡಿ ಮಾರ್ಗದಲ್ಲಿ ಕುಷ್ಟಗಿಗೆ ಮೊದಲ ರೈಲು ಬಂತು. ತಲೆಮಾರುಗಳಿಂದ ಕಾದ ಜನ ಎಂಜಿನ್ನಿಗೆ ಹೂವು ಹಾಕಿ ಸಂಭ್ರಮಿಸಿದರು. ಹುಬ್ಬಳ್ಳಿಯ ಆಸ್ಪತ್ರೆಗೆ ಚೆಕಪ್‌ಗೆ ಹೋಗುವವರಿಗೆ ಅದರಿಂದ ದೊಡ್ಡ ಉಪಕಾರವಾಯಿತು. ಆದರೆ ಜ್ವರ ರೈಲಿನ ವೇಳಾಪಟ್ಟಿ ನೋಡಿ ಬರುವುದಿಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಿಂದ ಕರ್ನಾಟಕದ ಬಡ ಕ್ಯಾನ್ಸರ್ ರೋಗಿಗಳ ದೊಡ್ಡ ಆಸರೆ, ಆದರೆ ಕುಷ್ಟಗಿಯವರಿಗೆ ಅದು ರಾತ್ರಿಯಿಡೀ ಬಸ್ಸಿನ ದಾರಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡಿನಿಂದ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಅದು ಹಣದ ಭಾರವನ್ನು ಹಗುರ ಮಾಡೀತೇ ಹೊರತು ಹೊತ್ತನ್ನು ಮರಳಿ ಕೊಡಲಾರದು.

ಜ್ವರ ಬಂದವರಲ್ಲಿ ಯಾರಿಗೆ ಅಪಾಯ ಕಡಿಮೆ ಎಂದು ತೂಗಲು ಇನ್ನೊಂದು ಅಂಕಪಟ್ಟಿ ಇದೆ. 2000ದಲ್ಲಿ ಬಂದದ್ದು, ಒಟ್ಟು 26 ಅಂಕ, 21 ಮತ್ತು ಮೇಲ್ಪಟ್ಟು ಬಂದರೆ ಅಪಾಯ ಕಡಿಮೆ. ಬಿ.ಪಿ. ಇಳಿದಿಲ್ಲದಿದ್ದರೆ ಐದು, ಬೀಡಿ ಸಿಗರೇಟಿನ ದಮ್ಮಿನ ಕಾಯಿಲೆ ಇಲ್ಲದಿದ್ದರೆ ನಾಲ್ಕು, ಮೈಯಲ್ಲಿ ನೀರು ಕಡಿಮೆಯಾಗಿಲ್ಲದಿದ್ದರೆ ಮೂರು, ಅರವತ್ತರ ಒಳಗಿದ್ದರೆ ಎರಡು, ಹೀಗೆ. ಅಜ್ಜನಿಗೆ ದಮ್ಮಿನ ನಾಲ್ಕೂ ವಯಸ್ಸಿನ ಎರಡೂ ಆಗಲೇ ಕೈಬಿಟ್ಟಿವೆ. ಇನ್ನುಳಿದದ್ದು ಇಪ್ಪತ್ತು. ಜ್ವರವೊಂದು ಬಂದರೆ ಸಾಕು, ಬೇರೇನೂ ಕೆಡದಿದ್ದರೂ ಅವರು ಅಪಾಯದ ಸಾಲಿನಲ್ಲಿಯೇ. ಈ ಯಾವ ಪಟ್ಟಿಯಲ್ಲೂ ಊರಿನಿಂದ ಆಸ್ಪತ್ರೆಗಿರುವ ದೂರಕ್ಕೆ ಅಂಕವಿಲ್ಲ. ಕುಷ್ಟಗಿ ಸೀಮೆಯ ರೋಗಿಗೆ ನಾನು ಮೊದಲು ಹಾಕುವುದು ಆ ಅಂಕವನ್ನೇ.

ಊರಲ್ಲಿ ಜ್ವರ ಬಂದಾಗ ಏನಾಗುತ್ತದೆ ಎಂಬುದನ್ನು ಸಿಸ್ಟರ್ ಚೆನ್ನಾಗಿ ಬಲ್ಲರು, ಅವರೂ ಯಲಬುರ್ಗಾ ಕಡೆಯವರೇ. ಡಿಸ್ಚಾರ್ಜಿನ ದಿನ ಮಗ, ಸೊಸೆ, ಊರಿಂದ ಬಂದ ಅಜ್ಜಿ ಮೂವರನ್ನೂ ಮಂಚದ ಸುತ್ತ ನಿಲ್ಲಿಸಿಕೊಂಡರು.

“ಮೈ ಬಿಸಿ ಆತು ಅಂದ್ರ ಮೊದಲ ಏನ ಮಾಡ್ತೀರಿ?”

“ಜ್ವರದ ಗುಳಿಗಿ ಕೊಡ್ತೀವ್ರಿ” ಎಂದ ಮಗ.

“ಅದನ್ನ ಮೊದಲ ಕೊಡಬ್ಯಾಡ್ರಿ. ಗುಳಿಗಿ ಜ್ವರ ಮುಚ್ತೈತಿ, ಒಳಗಿನ ಸೋಂಕು ಹಂಗ ಇರ್ತೈತಿ. ಜ್ವರದ ಕಡ್ಡಿಯಿಂದ ನೋಡ್ರಿ. ನೂರಾ ಪಾಯಿಂಟ್ ನಾಕು ದಾಟಿದ್ರ ನಮಗ ಫೋನ್ ಹಚ್ಚಿ, ಫೋನ್ ಮಾತಾಡ್ತನ ಗಾಡಿ ಹತ್ರಿ.”

“ಊರಾಗ ಡಾಕ್ಟ್ರ ಅದಾರ್ರಿ, ಒಂದ ಸೂಜಿ ಮಾಡಿಸ್ಕೊಂಡು...”

“ಸೂಜಿ ಅಂತೂ ಬ್ಯಾಡೇ ಬ್ಯಾಡ. ರಕ್ತ ತೆಳ್ಳಗ ಮಾಡೋ ಔಷಧ ನಡದೈತಿ. ಕುಂಡಿಗೆ ಸೂಜಿ ಚುಚ್ಚಿದ್ರ ಒಳಗ ರಕ್ತ ತುಂಬಿ ಗಡ್ಡಿ ಆಕ್ಕೈತಿ. ಈ ಚೀಟಿ ತೋರಸ್ರಿ, ಕೀಮೋ ಆಗೈತಿ ಅಂತ ಮೊದಲ ಹೇಳ್ರಿ. ಭಾಳ ತ್ರಾಸ ಆತು ಅಂದ್ರ ಹುಬ್ಬಳ್ಳಿನೇ ಆಗಬೇಕು ಅಂತಿಲ್ಲ, 108ಕ್ಕ ಫೋನ್ ಮಾಡಿ ಕೊಪ್ಪಳದ ದೊಡ್ಡ ದವಾಖಾನಿಗೆ ಹೋಗ್ರಿ. ಮೊದಲ ಡೋಸ್ ಅಲ್ಲೇ ಬೀಳ್ಲಿ.”

ಕಫದಲ್ಲಿ ರಕ್ತ ಹೆಚ್ಚು ಬಂದರೆ ಯಾವ ಮಗ್ಗುಲಿಗೆ ಮಲಗಿಸಬೇಕು ಎಂಬುದನ್ನೂ ತೋರಿಸಿದರು. ಗಡ್ಡೆಯಿರುವ ಮಗ್ಗುಲು ಕೆಳಗೆ ಬರಬೇಕು, ಇಲ್ಲವಾದರೆ ರಕ್ತ ಚೆನ್ನಾಗಿರುವ ಪುಪ್ಪುಸಕ್ಕೆ ಇಳಿಯುತ್ತದೆ. ಅಜ್ಜಿ ಗಂಡನ ಬಲಮಗ್ಗುಲನ್ನು ಎರಡು ಸಲ ಮುಟ್ಟಿ, “ಈ ಮಗ್ಗಲಾ ಹೌದಿಲ್ಲೋ?” ಎಂದು ಖಾತ್ರಿ ಮಾಡಿಕೊಂಡರು.

ಆಮೇಲೆ ವೈದ್ಯೆ ಬಂದು ಕೇಳಿದ ಮಾತಿಗೆ ಮನೆಯವರಲ್ಲಿ ಯಾರೂ ತಯಾರಾಗಿರಲಿಲ್ಲ. “ಹುಬ್ಬಳ್ಳಿ ಹತ್ತಿರ ಯಾರಾದ್ರೂ ಬೀಗರು ನೆಂಟರು ಅದಾರೇನು?”

ಅಣ್ಣಿಗೇರಿಗೆ ಮಗಳನ್ನು ಕೊಟ್ಟಿದ್ದಾರೆ. ಅಲ್ಲಿಂದ ಹುಬ್ಬಳ್ಳಿ ಒಂದು ತಾಸಿನೊಳಗಿನ ದಾರಿ.

ಅಜ್ಜಿ ಒಪ್ಪಲಿಲ್ಲ. “ಮಗಳ ಮನ್ಯಾಗ ಎಂಟ ದಿನ ಬಿದ್ದಿರೂದು ಚೊಲೋ ಕಾಣೂದಿಲ್ಲರೀ. ಅಕಿಗೆ ಅತ್ತಿ ಮಾವ ಅದಾರ. ನಮ್ಮ ಮನಿ ಇರೂವಾಗ ಬೀಗರ ಮನಿ ಯಾಕ?”

ಮಗ ಮಾತಾಡಲಿಲ್ಲ. ಸೊಸೆ ಆಸ್ಪತ್ರೆಯ ಕಾಗದದ ಹಿಂಬದಿಯಲ್ಲಿ ಕೀಮೋದ ತಾರೀಖಿನಿಂದ ದಿನ ಎಣಿಸುತ್ತಿದ್ದಳು. “ಅತ್ತೀ, ಏಳನೇ ದಿನದಿಂದ ಹದಿನಾಕನೇ ದಿನದತನ ಅಷ್ಟ ಅಲ್ಲಿರ್ಲಿ. ಆಮ್ಯಾಲೆ ರಕ್ತ ತಪಾಸ ಮಾಡಿಸಿ ಊರಿಗೆ ಕರಕೊಂಡ ಬರೂಣ. ಪ್ರತಿ ಕೀಮೋಕ್ಕೂ ಹಂಗ ಮಾಡೂಣ. ಯಕ್ಕಗ ನಾನ ಫೋನ್ ಮಾಡ್ತೀನಿ.”

“ಅಕಿ ಅಂದಂಗ ಮಾಡ್ರಿ” ಎಂದರು ಅಜ್ಜ ಮಂಚದಿಂದ. ಅಂದು ಅವರು ಆಡಿದ ಒಂದೇ ಗಟ್ಟಿ ಮಾತು ಅದು.

ಸೊಸೆ ಅಲ್ಲಿಂದಲೇ ಫೋನ್ ಹಚ್ಚಿದಳು. ಮಗ ಕೆಳಗಿನ ಮೆಡಿಕಲ್ ಅಂಗಡಿಗೆ ಹೋಗಿ ಜ್ವರದ ಕಡ್ಡಿ ಎರಡು ತಂದ, ಒಂದು ಅಣ್ಣಿಗೇರಿಗೆ, ಒಂದು ತಾವರಗೇರಾಕ್ಕೆ. ಅಜ್ಜಿ ಬೀಗರ ಮನೆಗೆ ಬರಿಗೈಯಲ್ಲಿ ಹೋಗುವುದು ಹೇಗೆ ಎಂದು ಗೊಣಗುತ್ತಲೇ, ಊರಿಂದ ಸಜ್ಜೆ ಹಿಟ್ಟು, ಶೇಂಗಾ ಎಷ್ಟೆಷ್ಟು ತರಿಸಬೇಕು ಎಂದು ಮಗನಿಗೆ ಹೇಳತೊಡಗಿದರು.